ಮೈಕ್ರೊಫೋನಿಗೆ ಶಕ್ತಿ ಎಲ್ಲಿಂದ?

ನಮ್ಮ ಕಾಲೇಜಿನಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಭೌತಶಾಸ್ತ್ರವನ್ನು ಬೋಧಿಸಿದ ಹಿರಿಯ ಅಧ್ಯಾಪಕರೊಬ್ಬರು ಕೆಲವು ವರ್ಷಗಳ ಹಿಂದೆ ನಿವೃತ್ತರಾದರು. ನಮಗೂ ಅವರೇ ಗುರುಗಳು. ಅವರ ಕಡೆಯ ಉಪನ್ಯಾಸವು ಶಬ್ದವನ್ನು ಕುರಿತದ್ದಾಗಿತ್ತು. ಅದನ್ನು ಮುಂದಿನವರಿಗಾಗಿ ಚಿತ್ರೀಕರಿಸಿ ಉಳಿಸಬೇಕೆಂಬ ಹಂಬಲದಿಂದ ನಾವು ಒಂದು ಒಳ್ಳೆಯ ಕ್ಯಾಮೆರಾವನ್ನೂ, ಅಂಗಿಯ ಅಂಚಿಗೆ ಸಿಕ್ಕಿಸುವ ಪುಟ್ಟ ಮೈಕ್ರೊಫೋನೊಂದನ್ನೂ ತಂದೆವು. ಎರಡು ವಾರ ಮುಂಚೆಯೇ ಅವುಗಳನ್ನು ಜೋಡಿಸಿ ಪರೀಕ್ಷಿಸಿದೆವು. ಎಲ್ಲವೂ ಸರಿಯಾಗಿತ್ತು. ಅವನ್ನು ಚೀಲದಲ್ಲಿಟ್ಟು ನಿಶ್ಚಿಂತರಾದೆವು.

ಉಪನ್ಯಾಸವು ಒಂದೂವರೆ ಗಂಟೆ ನಡೆಯಿತು. ಗುರುಗಳು ಶ್ರುತಿಕವೆಯೊಂದನ್ನು ರಬ್ಬರಿನ ತುಂಡಿಗೆ ಬಡಿದು ಎತ್ತಿ ಹಿಡಿದರು, ನಾದ ಕ್ಷೀಣವಾಗಿತ್ತು. ಅದರ ಹಿಡಿಯನ್ನು ಮೇಜಿನ ಮೇಲೆ ಊರಿದೊಡನೆಯೇ ನಾದವು ಕೋಣೆಯನ್ನೆಲ್ಲ ತುಂಬಿತು. ಆಗ ಹಿಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸಾರ್, ಹೆಚ್ಚಾದ ಈ ಶಬ್ದಕ್ಕೆ ಶಕ್ತಿ ಎಲ್ಲಿಂದ ಬಂತು?" ಎಂದು ಕೇಳಿದಳು. ಅವರ ಮುಖ ಅರಳಿತು. ಹತ್ತು ನಿಮಿಷ ಆ ಒಂದು ಪ್ರಶ್ನೆಗೇ ಉತ್ತರ ಹೇಳಿದರು.

ಸಂಜೆ ನಾವು ಚಿತ್ರವನ್ನು ಹಾಕಿ ನೋಡಿದೆವು. ಚಿತ್ರವೇನೋ ಬಹು ಸ್ಫುಟವಾಗಿತ್ತು. ಗುರುಗಳು ಶ್ರುತಿಕವೆಯನ್ನು ಬಡಿಯುತ್ತಾರೆ, ತುಟಿಗಳು ಆಡುತ್ತವೆ, ವಿದ್ಯಾರ್ಥಿಗಳು ನಗುತ್ತಾರೆ. ಆದರೆ ಸದ್ದಿಲ್ಲ. ಶಬ್ದವನ್ನು ಕುರಿತ ಉಪನ್ಯಾಸದಲ್ಲಿ ಶಬ್ದವೊಂದನ್ನುಳಿದು ಮಿಕ್ಕೆಲ್ಲವೂ ಇದ್ದಿತು.

ಇಂದು ಕ್ಯಾಮೆರಾ ಇಲ್ಲದ ಮನೆಯಿಲ್ಲ. ಹಿರಿಯರ ಮಾತು, ಅಜ್ಜಿಯ ಹಾಡು, ಮಕ್ಕಳ ನಾಟಕ ಎಲ್ಲವನ್ನೂ ನಾವು ಚಿತ್ರೀಕರಿಸುತ್ತೇವೆ. ಧ್ವನಿ ಸ್ಪಷ್ಟವಾಗಲೆಂದು ಹೊರಗಿನಿಂದ ಮೈಕ್ರೊಫೋನನ್ನು ಸಿಕ್ಕಿಸುವವರೂ ಅನೇಕರು. ಅವರಲ್ಲಿ ಹಲವರಿಗೆ ಒಮ್ಮೆಯಾದರೂ ಇಂಥ ಮೌನದ ಅನುಭವವಾಗಿರುತ್ತದೆ. ಆದುದರಿಂದ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಮೈಕ್ರೊಫೋನಿಗೂ ಅನ್ವಯಿಸಿ, ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದನ್ನು ವಿಚಾರ ಮಾಡೋಣ.

ತಾನೇ ದುಡಿಯುವ ಮೈಕ್ರೊಫೋನು

ಶಬ್ದವೆಂದರೆ ಗಾಳಿಯ ಒತ್ತಡದಲ್ಲಿ ಉಂಟಾಗುವ ಏರಿಳಿತ. ಈ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವುದೇ ಮೈಕ್ರೊಫೋನಿನ ಕೆಲಸ. ಅದಕ್ಕೆ ಹಲವು ಉಪಾಯಗಳುಂಟು.

ಸಭೆಗಳಲ್ಲಿ ಭಾಷಣಕಾರರು ಕೈಯಲ್ಲಿ ಹಿಡಿಯುವ ದಪ್ಪತಲೆಯ ಮೈಕನ್ನು ವಾಚಕರೆಲ್ಲರೂ ಕಂಡಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಚಲಸುರುಳಿಯ ಜಾತಿಗೆ ಸೇರಿದವು. ಒಳಗೆ ಒಂದು ತೆಳುವಾದ ಪಟಲ. ಅದಕ್ಕೆ ಅಂಟಿದ ತಂತಿಯ ಸುರುಳಿ. ಸುರುಳಿಯ ಸುತ್ತ ಅಯಸ್ಕಾಂತ. ಮಾತಿಗೆ ಪಟಲವು ಅದುರಿದಾಗ ಸುರುಳಿಯೂ ಅಯಸ್ಕಾಂತದ ಕ್ಷೇತ್ರದಲ್ಲಿ ಓಲಾಡುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆಯು ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸನಿಹದಿಂದ ಮಾತನಾಡಿದರೆ ಅದು ಒಂದೆರಡು ಮಿಲಿವೋಲ್ಟಿನಷ್ಟು ಇರಬಹುದು.

ಇಲ್ಲಿ ಶಕ್ತಿ ಎಲ್ಲಿಂದ ಬಂತು? ಮಾತನಾಡಿದವರ ಉಸಿರಿನಿಂದಲೇ ಬಂತು. ಇಂಥ ಮೈಕ್ರೊಫೋನಿಗೆ ಬ್ಯಾಟರಿ ಬೇಡ, ಹೊರಗಿನ ವಿದ್ಯುತ್ತೂ ಬೇಡ. ಆದರೆ ಧ್ವನಿಯ ಶಕ್ತಿ ಅತ್ಯಲ್ಪ, ಸುರುಳಿಗೆ ತೂಕವುಂಟು. ಆದಕಾರಣ ಇದನ್ನು ಬಾಯಿಯ ಸಮೀಪ ಹಿಡಿಯಬೇಕು. ಅಂಗಿಯ ಗುಂಡಿಯ ಬಳಿ ಅಡಗಿಸುವುದಕ್ಕಾಗಲಿ, ದೂರದಿಂದ ಕೇಳಿಸಿಕೊಳ್ಳುವುದಕ್ಕಾಗಲಿ ಇದು ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿಗೆ ಬೇಕಾದದ್ದು ಇನ್ನೊಂದು ಜಾತಿ.

ಧಾರಕದ ಕಿವಿ

1917ರಲ್ಲಿ ಅಮೆರಿಕೆಯ ಇ. ಸಿ. ವೆಂಟೆ ಎಂಬ ಭೌತವಿಜ್ಞಾನಿಯು ಧಾರಕ ಮೈಕ್ರೊಫೋನಿನ ವಿವರಗಳನ್ನು ಪ್ರಕಟಿಸಿದನು. ಅದರ ತತ್ತ್ವ ಸರಳವಾದುದು. ಎರಡು ಲೋಹದ ಫಲಕಗಳನ್ನು ಎದುರುಬದುರಾಗಿ, ಒಂದಕ್ಕೊಂದು ತಾಗದಂತೆ ಇಟ್ಟರೆ ಅದು ವಿದ್ಯುದ್ಧಾರಕವಾಗುತ್ತದೆ. ಅವುಗಳಲ್ಲಿ ಒಂದನ್ನು ತೆಳುವಾದ ಪಟಲವಾಗಿಸಿ, ಧಾರಕಕ್ಕೆ ವಿದ್ಯುದಾವೇಶವನ್ನು ಕೊಟ್ಟಿರಬೇಕು. ಶಬ್ದಕ್ಕೆ ಪಟಲವು ಅದುರಿದಂತೆ ಫಲಕಗಳ ನಡುವಿನ ಅಂತರ ಹೆಚ್ಚುಕಡಿಮೆಯಾಗುತ್ತದೆ. ಆವೇಶವು ಬದಲಾಗದಿರುವಾಗ ವಿಭವಾಂತರವೇ ಏರಿಳಿಯುತ್ತದೆ. ಸುರುಳಿಯ ಭಾರವಿಲ್ಲದ ಪಟಲವು ಅತಿ ಸೂಕ್ಷ್ಮವಾದ ಶಬ್ದಕ್ಕೂ ಮಣಿಯುತ್ತದೆ.

ಆದರೆ ಧಾರಕದ ಮೇಲೆ ಆವೇಶವನ್ನು ನಿಲ್ಲಿಸಲು ಹತ್ತಾರು, ಕೆಲವೊಮ್ಮೆ ನೂರಾರು ವೋಲ್ಟುಗಳ ಸರಬರಾಜು ಬೇಕಾಗುತ್ತಿತ್ತು. ಈ ತೊಡಕನ್ನು ನೀಗಿಸಿದ್ದು ಎಲೆಕ್ಟ್ರೆಟ್ ಎಂಬ ವಸ್ತು. ಅಯಸ್ಕಾಂತವು ಕಾಂತತ್ವವನ್ನು ಹೇಗೆ ತನ್ನಲ್ಲಿಯೇ ಉಳಿಸಿಕೊಂಡಿರುವುದೋ ಹಾಗೆ ಎಲೆಕ್ಟ್ರೆಟ್ಟು ವಿದ್ಯುತ್ತಿನ ಆವೇಶವನ್ನು ಬಹುಕಾಲ ಉಳಿಸಿಕೊಂಡಿರುತ್ತದೆ. ಈ ಹೆಸರನ್ನಿತ್ತವನು ಆಲಿವರ್ ಹೆವಿಸೈಡ್, 1885ರಲ್ಲಿ. 1920ರ ಸುಮಾರಿಗೆ ಜಪಾನಿನ ಮೊಟೊಟಾರೊ ಎಗುಚಿಯು ಮೇಣವನ್ನೂ ರಾಳವನ್ನೂ ಕರಗಿಸಿ, ಪ್ರಬಲವಾದ ವಿದ್ಯುತ್‌ಕ್ಷೇತ್ರದಲ್ಲಿಯೇ ಹೆಪ್ಪುಗಟ್ಟಿಸಿ ಅಂಥ ವಸ್ತುವನ್ನು ತಯಾರಿಸಿದನು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ತೆಳು ಪ್ಲಾಸ್ಟಿಕ್ ಹಾಳೆಯ ಎಲೆಕ್ಟ್ರೆಟ್ಟಿನಿಂದ ಮೈಕ್ರೊಫೋನನ್ನು ನಿರ್ಮಿಸಿದರು. ಅಂಗಿಗೆ ಸಿಕ್ಕಿಸುವ ಮೈಕುಗಳಲ್ಲಿಯೂ ಕ್ಯಾಮೆರಾದ ತಲೆಯ ಮೇಲೆ ಕೂರಿಸುವ ಉದ್ದ ಮೈಕುಗಳಲ್ಲಿಯೂ ಬಹುಪಾಲು ಈ ಸಂತತಿಯವೇ.

ಇಲ್ಲಿ ವಾಚಕರು ಒಂದು ಆಕ್ಷೇಪವನ್ನು ತರಬಹುದು: ಆವೇಶವು ತಾನಾಗಿಯೇ ಉಳಿದಿರುವುದಾದರೆ ಎಲೆಕ್ಟ್ರೆಟ್ ಮೈಕ್ರೊಫೋನಿಗೆ ಮತ್ತೆ ವಿದ್ಯುತ್ತು ಏಕೆ? ಪ್ರಶ್ನೆ ಯೋಗ್ಯವಾದುದೇ. ಇದರ ಉತ್ತರದಲ್ಲಿಯೇ ಇಡೀ ವಿಷಯದ ತಿರುಳು ಇದೆ.

ಒರತೆಯ ನೀರು, ಕೆರೆಯ ನೀರು

ಈ ಪುಟ್ಟ ಧಾರಕದ ಧಾರಕತೆ ಸುಮಾರು 10 ಪಿಕೊಫ್ಯಾರಡ್ ಎಂದಿಟ್ಟುಕೊಳ್ಳೋಣ. ಸೆಕೆಂಡಿಗೆ 100 ಕಂಪನಗಳ ತಗ್ಗುಸ್ವರಕ್ಕೆ ಅದು ಒಡ್ಡುವ ವಿದ್ಯುತ್ತಿನ ಅಡ್ಡಿಯು ಸುಮಾರು 16 ಕೋಟಿ ಓಮ್‌ಗಳಾಗುತ್ತದೆ. ಕ್ಯಾಮೆರಾದ ಮೈಕ್ ದ್ವಾರದ ರೋಧವಾದರೋ ಕೆಲವೇ ಸಾವಿರ ಓಮ್‌ಗಳು. ಅದನ್ನು 3,000 ಓಮ್ ಎಂದು ಹಿಡಿದರೆ ಹುಟ್ಟಿದ ವಿಭವದಲ್ಲಿ ಐವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಕ್ಯಾಮೆರಾವನ್ನು ಸೇರೀತು. ಒಂದು ವೇಳೆ ಕ್ಯಾಮೆರಾದ ರೋಧವನ್ನು ಬಹಳವಾಗಿ ಹೆಚ್ಚಿಸಿದೆವೆನ್ನೋಣ. ಆಗಲೂ ತಂತಿ ಬಿಡುವುದಿಲ್ಲ. ಕವಚವುಳ್ಳ ತಂತಿಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಧಾರಕತೆ ಇರುತ್ತದೆ. ಮೂರು ಮೀಟರ್ ತಂತಿಗೆ 300 ಆಯಿತು. ಹತ್ತರ ಆವೇಶವು ಮುನ್ನೂರ ಹತ್ತರಲ್ಲಿ ಹಂಚಿಹೋಗಿ ಧ್ವನಿಯು ಮೂವತ್ತೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತೊಟ್ಟುತೊಟ್ಟಾಗಿ ಜಿನುಗುವ ಒರತೆಯ ನೀರನ್ನು ಮರಳಿನ ಕಾಲುವೆಯಲ್ಲಿ ಹರಿಸಹೊರಟರೆ ಹೊಲವನ್ನು ಮುಟ್ಟುವ ಮೊದಲೇ ಇಂಗಿಹೋಗುವಂತೆ ಇದು.

ಆದುದರಿಂದ ತಂತಿಗೆ ಇಳಿಯುವ ಮೊದಲೇ, ಮೈಕ್ರೊಫೋನಿನ ಗೂಡಿನೊಳಗೇ, ಈ ದುರ್ಬಲ ಸಂಕೇತಕ್ಕೆ ಬಲ ತುಂಬಬೇಕು. ಅಲ್ಲಿ ಕಾಳಿನಷ್ಟು ಗಾತ್ರದ ಒಂದು ಟ್ರಾನ್ಸಿಸ್ಟರನ್ನು ಇಟ್ಟಿರುತ್ತಾರೆ. ಕ್ಷೇತ್ರ ಪರಿಣಾಮ ಟ್ರಾನ್ಸಿಸ್ಟರೆಂದು ಅದರ ಹೆಸರು. ಅದು ಧಾರಕದಿಂದ ಪ್ರವಾಹವನ್ನು ಬೇಡುವುದೇ ಇಲ್ಲವೆನ್ನಬಹುದು; ವಿಭವದ ಏರಿಳಿತವನ್ನು ಮಾತ್ರ ಗಮನಿಸಿ, ತನ್ನ ಮೂಲಕ ಹರಿಯುವ ಬೇರೊಂದು ಪ್ರವಾಹವನ್ನು ಅದಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುತ್ತದೆ.

ನಮ್ಮ ಕೆರೆಗಳ ನೀರಗಂಟಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅವನು ತೂಬನ್ನು ಕೊಂಚ ಎತ್ತಿದರೆ ಕಾಲುವೆ ತುಂಬುತ್ತದೆ. ಕೊಂಚ ಇಳಿಸಿದರೆ ಬತ್ತುತ್ತದೆ. ಆದರೆ ಗದ್ದೆಗೆ ಹರಿಯುವ ನೀರು ನೀರಗಂಟಿಯ ತೋಳಿನಿಂದ ಬಂದದ್ದಲ್ಲ, ಕೆರೆಯದು. ಎಲೆಕ್ಟ್ರೆಟ್ಟು ನೀರಗಂಟಿಯ ಕೈ, ಟ್ರಾನ್ಸಿಸ್ಟರು ತೂಬು. ಕೆರೆ ಎಲ್ಲಿದೆ? ಅದನ್ನು ಹೊರಗಿನಿಂದಲೇ ಒದಗಿಸಬೇಕು. ಕೆರೆ ಬರಿದಾಗಿದ್ದರೆ ನೀರಗಂಟಿಯು ಎಷ್ಟೇ ದಕ್ಷನಾಗಿದ್ದರೂ ಗದ್ದೆಗೆ ಹನಿಯೂ ಬಾರದು.

ಮೂರು ಕೆರೆಗಳು

ಈ ಶಕ್ತಿಯನ್ನು ಒದಗಿಸಲು ಸಾಮಾನ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು, ಮೈಕ್ರೊಫೋನಿನ ಒಡಲಲ್ಲಿಯೇ ಬ್ಯಾಟರಿಯನ್ನಿಡುವುದು. ಕೆಲವಕ್ಕೆ ಗುಂಡಿಯಾಕಾರದ ಸಣ್ಣ ಕೋಶ, ಕೆಲವಕ್ಕೆ ಗಡಿಯಾರಕ್ಕೆ ಹಾಕುವಂಥ 1.5 ವೋಲ್ಟಿನ ಕೋಶ. ಇವು ಯಾವ ಕ್ಯಾಮೆರಾವನ್ನೂ ನೆಚ್ಚಬೇಕಾಗಿಲ್ಲ. ಕೋಶವು ಬಹುಕಾಲ ಬಾಳುತ್ತದೆ. ಬಹುಕಾಲ ಬಾಳುವುದರಿಂದಲೇ ಅದನ್ನು ನಾವು ಮರೆಯುತ್ತೇವೆ.

ಎರಡನೆಯದು, ಕ್ಯಾಮೆರಾವೇ ತನ್ನ ಮೈಕ್ ದ್ವಾರದ ಮೂಲಕ ಕಳುಹಿಸುವ ವಿದ್ಯುತ್ತು. ಇದನ್ನು ಪ್ಲಗ್-ಇನ್ ಪವರ್ ಎಂದು ಕರೆಯುತ್ತಾರೆ. 3.5 ಮಿಲಿಮೀಟರಿನ ಸಣ್ಣ ದ್ವಾರದಲ್ಲಿ ಸಾಮಾನ್ಯವಾಗಿ ಎರಡರಿಂದ ಐದು ವೋಲ್ಟಿನಷ್ಟು ಇರುತ್ತದೆ. ಧ್ವನಿ ಬರುವ ತಂತಿಯಲ್ಲಿಯೇ ವಿದ್ಯುತ್ತು ಹೋಗುವುದು ಹೇಗೆ? ಕ್ಯಾಮೆರಾದೊಳಗೆ 3 ವೋಲ್ಟಿನ ಮೂಲವೂ 2,200 ಓಮ್‌ಗಳ ರೋಧಕವೂ ಇವೆಯೆನ್ನೋಣ. ಟ್ರಾನ್ಸಿಸ್ಟರು ಮೌನದಲ್ಲಿ 0.5 ಮಿಲಿಆಂಪೇರ್ ಎಳೆದುಕೊಂಡರೆ ರೋಧಕದಲ್ಲಿ 1.1 ವೋಲ್ಟ್ ಕಳೆದು, ತಂತಿಯ ಮೇಲೆ 1.9 ವೋಲ್ಟ್ ಉಳಿಯುತ್ತದೆ. ಮಾತು ಬಿದ್ದಾಗ ಪ್ರವಾಹವು ಕೇವಲ 2 ಮೈಕ್ರೊಆಂಪೇರಿನಷ್ಟು ಬದಲಾದರೂ ತಂತಿಯ ವಿಭವ 4.4 ಮಿಲಿವೋಲ್ಟಿನಷ್ಟು ಅಲುಗುತ್ತದೆ. ಮುಂದೆ ಇರುವ ಧಾರಕವೊಂದು 1.9 ವೋಲ್ಟಿನ ನಿಶ್ಚಲ ವಿಭವವನ್ನು ತಡೆದು, ಅಲುಗಾಟವನ್ನು ಮಾತ್ರ ಒಳಕ್ಕೆ ಬಿಡುತ್ತದೆ. ಆ ಅಲುಗಾಟವೇ ಧ್ವನಿ.

ಒಂದೇ ತಂತಿಯ ಈ ಜಾಣ್ಮೆ ಹೊಸದಲ್ಲ. ಮನೆಯಲ್ಲಿ ಕರೆಂಟು ಹೋದಾಗಲೂ ಹಳೆಯ ಟೆಲಿಫೋನು ಕೆಲಸ ಮಾಡುತ್ತಿದ್ದುದು ಹಿರಿಯ ವಾಚಕರಿಗೆ ನೆನಪಿರಬಹುದು. ಅದರ ಮಾತಿನ ತಂತಿಗಳಲ್ಲಿಯೇ ವಿನಿಮಯ ಕೇಂದ್ರದ ಬ್ಯಾಟರಿಯಿಂದ ಸುಮಾರು 48 ವೋಲ್ಟಿನ ವಿದ್ಯುತ್ತು ಹರಿದುಬರುತ್ತಿತ್ತು.

ಮೂರನೆಯ ಮಾರ್ಗದಲ್ಲಿಯೂ ಇದೇ 48ರ ಸಂಖ್ಯೆ ಬರುತ್ತದೆ. ಇದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಫ್ಯಾಂಟಮ್ ಎಂದರೆ ಕಣ್ಣಿಗೆ ಕಾಣದ ಛಾಯೆ. 1966ರಲ್ಲಿ ಜರ್ಮನಿಯ ನಾಯ್‌ಮನ್ ಸಂಸ್ಥೆಯು ನಾರ್ವೆಯ ಬಾನುಲಿಗಾಗಿ ಟ್ರಾನ್ಸಿಸ್ಟರಿನ ಮೈಕ್ರೊಫೋನುಗಳನ್ನು ಸಿದ್ಧಪಡಿಸಿತು. ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗಾಗಿ 48 ವೋಲ್ಟಿನ ಸರಬರಾಜು ಮೊದಲೇ ಇದ್ದುದರಿಂದ ಅದನ್ನೇ ಬಳಸಿಕೊಂಡರು. ಅದೇ ಮುಂದೆ ಲೋಕಕ್ಕೆಲ್ಲ ಮಾನಕವಾಯಿತು.

ಈ ಪದ್ಧತಿಯಲ್ಲಿ ಧ್ವನಿಯನ್ನು ಎರಡು ತಂತಿಗಳು ಹೊರುತ್ತವೆ, ಮೂರನೆಯದು ಕವಚ. ಎರಡು ತಂತಿಗಳಿಗೂ 6,800 ಓಮ್‌ಗಳ ಒಂದೊಂದು ರೋಧಕದ ಮೂಲಕ 48 ವೋಲ್ಟನ್ನು ಸಮನಾಗಿ ಕೊಡುತ್ತಾರೆ. ಮೈಕ್ರೊಫೋನು 4 ಮಿಲಿಆಂಪೇರ್ ಬಳಸಿದರೆ ಒಂದೊಂದು ತಂತಿಯಲ್ಲಿ 2 ಹರಿದು, 13.6 ವೋಲ್ಟ್ ಕಳೆದು, ಮೈಕಿಗೆ 34.4 ವೋಲ್ಟ್ ದೊರೆಯುತ್ತದೆ. ಧ್ವನಿಯಾದರೋ ಎರಡು ತಂತಿಗಳ ನಡುವಣ ವ್ಯತ್ಯಾಸ. ಎರಡರಲ್ಲಿಯೂ ಸಮನಾಗಿರುವ ವಿದ್ಯುತ್ತು ಆ ವ್ಯತ್ಯಾಸದಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಚಲಸುರುಳಿಯ ಮೈಕನ್ನು ಸರಿಯಾದ ತಂತಿಯಿಂದ ಇಲ್ಲಿ ಜೋಡಿಸಿದರೂ ಅಪಾಯವಿಲ್ಲದಿರುವುದು ಇದೇ ಕಾರಣದಿಂದ. ಸುರುಳಿಯ ಎರಡು ತುದಿಗಳೂ ಒಂದೇ ವಿಭವದಲ್ಲಿರುವುದರಿಂದ ಅದರಲ್ಲಿ ಪ್ರವಾಹ ಹರಿಯದು. ವಿದ್ಯುತ್ ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವಂತೆ ಇದು.

ಹೊಂದಿಕೆಯ ಮಾತು

ಈ ಮೂರನ್ನೂ ತಿಳಿದ ಮೇಲೆ ಮೌನದ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ.

ಸ್ಟುಡಿಯೊಗಳಲ್ಲಿ ಬಳಸುವ 48 ವೋಲ್ಟಿನ ಧಾರಕ ಮೈಕನ್ನು, ಪ್ಲಗ್ಗನ್ನು ಮಾತ್ರ ಬದಲಿಸುವ ಸಾಮಾನ್ಯ ತಂತಿಯಿಂದ ಸಣ್ಣ ಕ್ಯಾಮೆರಾಕ್ಕೆ ಜೋಡಿಸಿದರೆ ಅದು ಮಾತನಾಡದು. ಅದಕ್ಕೆ 48 ವೋಲ್ಟನ್ನು ಒದಗಿಸುವ ಪ್ರತ್ಯೇಕ ಪೆಟ್ಟಿಗೆಯೊಂದು ನಡುವೆ ಬೇಕು. ಇದಕ್ಕೆ ವಿರುದ್ಧವಾಗಿ, ಮೂರು ವೋಲ್ಟಿಗೆ ಒಗ್ಗಿದ ಪುಟ್ಟ ಮೈಕನ್ನು 48 ವೋಲ್ಟಿನ ದ್ವಾರಕ್ಕೆ ನೇರವಾಗಿ ಜೋಡಿಸಿದರೆ ಅದು ಶಾಶ್ವತವಾಗಿ ಮೂಕವಾಗಬಹುದು. ಅಲ್ಲಿ ವೋಲ್ಟನ್ನು ತಗ್ಗಿಸುವ ಜೋಡಕವನ್ನೇ ಬಳಸಬೇಕು.

ಮೊಬೈಲಿಗೆಂದು ಮಾಡಿದ ಮೈಕುಗಳ ಪ್ಲಗ್ಗಿನಲ್ಲಿ ಮೂರು ಕಪ್ಪು ಉಂಗುರಗಳೂ ನಾಲ್ಕು ಲೋಹದ ಭಾಗಗಳೂ ಇರುತ್ತವೆ. ಕ್ಯಾಮೆರಾದ್ದರಲ್ಲಿ ಎರಡು ಉಂಗುರಗಳು, ಮೂರು ಭಾಗಗಳು. ಮೊದಲನೆಯದು ಎರಡನೆಯದರ ದ್ವಾರದಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಮೈಕಿನ ತಂತಿಯು ಸೇರಬೇಕಾದ ಕಡೆ ಸೇರುವುದಿಲ್ಲ. ಕಿರುಬೆಲೆಯ ಜೋಡಕವೊಂದು ಇದನ್ನು ಸರಿಪಡಿಸುತ್ತದೆ.

ಕೆಲವು ಕ್ಯಾಮೆರಾಗಳಲ್ಲಿ ಪ್ಲಗ್-ಇನ್ ಪವರನ್ನು ಬೇಕೆಂದಾಗ ಕೊಡುವ, ಬೇಡವೆಂದಾಗ ನಿಲ್ಲಿಸುವ ಏರ್ಪಾಡು ಇರುತ್ತದೆ. ಅದು ನಿಂತಿದ್ದರೆ ಅದನ್ನೇ ನೆಚ್ಚಿದ ಮೈಕು ಮೌನವಾಗುತ್ತದೆ. ಅನುಮಾನವಿದ್ದವರು ಬಹುಮಾಪಕವೊಂದನ್ನು ತೆಗೆದುಕೊಂಡು, ದ್ವಾರಕ್ಕೆ ಒಂದು ಬರಿಯ ಪ್ಲಗ್ಗನ್ನು ಸಿಕ್ಕಿಸಿ, ಅದರ ತುದಿಗೂ ಬುಡಕ್ಕೂ ನಡುವಣ ವಿಭವಾಂತರವನ್ನು ಅಳೆಯಬಹುದು. ಎರಡು ಮೂರು ವೋಲ್ಟು ಕಂಡರೆ ಕೆರೆಯಲ್ಲಿ ನೀರಿದೆಯೆಂದು ಅರ್ಥ. ಅಳೆಯುವಾಗ ಕಡ್ಡಿಗಳು ಪ್ಲಗ್ಗಿನ ಎರಡು ಭಾಗಗಳನ್ನು ಒಟ್ಟಿಗೆ ಮುಟ್ಟದಂತೆ ಎಚ್ಚರವಿರಲಿ.

ಗುರುಗಳು ಹಾಕಿಸಿದ ಲೆಕ್ಕ

ಇನ್ನು ನಮ್ಮ ತಪ್ಪಿನ ಕಥೆ. ಮಾರನೆಯ ದಿನ ಗುರುಗಳ ಮನೆಗೆ ಹೋಗಿ, ತಲೆತಗ್ಗಿಸಿ ಸಂಗತಿಯನ್ನು ಅರಿಕೆ ಮಾಡಿದೆವು. ಅವರು ಸಿಟ್ಟಾಗಲಿಲ್ಲ. ಮೈಕನ್ನು ತರಿಸಿಕೊಂಡು ಅದರ ಕೊಳವೆಯನ್ನು ತಿರುಗಿಸಿ ಬಿಚ್ಚಿದರು. ಒಳಗೆ ಗುಂಡಿಕೋಶವಿತ್ತು, ಪಕ್ಕದಲ್ಲಿ ಸಣ್ಣ ಸ್ವಿಚ್ಚು.

"ಇದನ್ನು ಪರೀಕ್ಷಿಸಿದ್ದು ಯಾವಾಗ?"

"ಎರಡು ವಾರದ ಕೆಳಗೆ, ಸಾರ್."

"ಆಮೇಲೆ ಸ್ವಿಚ್ಚನ್ನು ಆರಿಸಿದಿರೋ?"

ನಾವು ಸುಮ್ಮನಾದೆವು.

"ಈ ಕೋಶದ ಸಾಮರ್ಥ್ಯ ಸುಮಾರು 100 ಮಿಲಿಆಂಪೇರ್-ಗಂಟೆ. ಮೈಕು 0.4 ಮಿಲಿಆಂಪೇರ್ ಎಳೆಯುತ್ತದೆ ಅನ್ನಿ. ಎಲ್ಲಿ, ಲೆಕ್ಕ ಹಾಕಿ ನೋಡೋಣ."

ನೂರನ್ನು 0.4ರಿಂದ ಭಾಗಿಸಿದರೆ 250 ಗಂಟೆ. ಎಂದರೆ ಹತ್ತು ದಿನಗಳ ಮೇಲೆ ಹತ್ತು ಗಂಟೆ. ಚೀಲದ ಕತ್ತಲೆಯಲ್ಲಿ ಮೈಕ್ರೊಫೋನು ಹಗಲಿರುಳೂ ಎಚ್ಚರವಾಗಿದ್ದು, ಯಾರೂ ಆಡದ ಮಾತಿಗೆ ಕಿವಿಗೊಟ್ಟು, ಉಪನ್ಯಾಸದ ದಿನಕ್ಕೆ ಮೊದಲೇ ತನ್ನ ಕೆರೆಯನ್ನು ಬತ್ತಿಸಿಕೊಂಡಿತ್ತು.

ಆದರೂ ಕ್ಯಾಮೆರಾದೊಳಗೇ ಒಂದು ಮೈಕ್ರೊಫೋನು ಇದ್ದಿತಲ್ಲ, ಅದಾದರೂ ಕೇಳಿಸಿಕೊಳ್ಳಬಾರದಾಗಿತ್ತೇ? ಇಲ್ಲ. ಹೊರಗಿನ ಪ್ಲಗ್ಗನ್ನು ಸಿಕ್ಕಿಸಿದ ಕೂಡಲೇ ಒಳಗಿನ ಮೈಕಿನ ಸಂಬಂಧ ಕಡಿದುಹೋಗುವಂತೆ ಇಂಥ ಕ್ಯಾಮೆರಾಗಳನ್ನು ರಚಿಸಿರುತ್ತಾರೆ. ಸತ್ತ ಮೈಕನ್ನು ಸಿಕ್ಕಿಸುವುದು ಏನನ್ನೂ ಸಿಕ್ಕಿಸದೆ ಇರುವುದಕ್ಕಿಂತ ಕೇಡು.

ಅಂದಿನಿಂದ ನಾವು ಕೆಲವು ನಿಯಮಗಳನ್ನು ತಪ್ಪದೆ ಪಾಲಿಸುತ್ತಿದ್ದೇವೆ. ಮೈಕು ಯಾವ ಕೆರೆಯ ನೀರನ್ನು ಕುಡಿಯುತ್ತದೆಂಬುದನ್ನು ಕೊಳ್ಳುವಾಗಲೇ ತಿಳಿಯುತ್ತೇವೆ. ಮುಖ್ಯವಾದ ದಿನ ಹೊಸ ಕೋಶವನ್ನು ಹಾಕಿ, ಮತ್ತೊಂದನ್ನು ಜೇಬಿನಲ್ಲಿಟ್ಟುಕೊಳ್ಳುತ್ತೇವೆ. ಬಹುದಿನ ಬಳಸದಿರುವಾಗ ಕೋಶವನ್ನು ಹೊರತೆಗೆಯುತ್ತೇವೆ. ಹಳೆಯ ಕೋಶದಿಂದ ಸೋರುವ ಕ್ಷಾರವು ಲೋಹವನ್ನು ತಿನ್ನುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಚಿತ್ರೀಕರಣಕ್ಕೆ ಮೊದಲು ಒಂದು ನಿಮಿಷ ಮುದ್ರಿಸಿ ಕಿವಿಯಾರೆ ಕೇಳುತ್ತೇವೆ. ನಡುವೆಯೂ ಹೆಡ್‌ಫೋನನ್ನು ಕಿವಿಗಿಟ್ಟುಕೊಂಡಿರುತ್ತೇವೆ. ಕಣ್ಣು ಕಂಡದ್ದನ್ನೇ ನಂಬಿ ಕಿವಿಯನ್ನು ಮರೆತದ್ದು ನಮ್ಮ ಮೊದಲ ತಪ್ಪು.

ಒಂದು ತಿಂಗಳು ಕಳೆದ ಮೇಲೆ ಗುರುಗಳು ದೊಡ್ಡ ಮನಸ್ಸಿನಿಂದ ಮತ್ತೊಮ್ಮೆ ಬಂದು ಅದೇ ಉಪನ್ಯಾಸವನ್ನು ಕೊಟ್ಟರು. ಪರೀಕ್ಷೆಗಳು ಮುಗಿದು ವಿದ್ಯಾರ್ಥಿಗಳು ಊರಿಗೆ ಹೋಗಿದ್ದರು; ಎದುರಿಗೆ ಇದ್ದವರು ನಾವು ನಾಲ್ವರು. ಈ ಬಾರಿ ಧ್ವನಿ ಚೆನ್ನಾಗಿ ಮೂಡಿತು. ಶ್ರುತಿಕವೆಯ ನಾದವು ಅದರಲ್ಲಿ ಇಂದಿಗೂ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಹಿಂದಿನ ಸಾಲಿನಿಂದ ಎದ್ದು ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಆ ಹತ್ತು ನಿಮಿಷದ ಉತ್ತರವೂ ಬರಲಿಲ್ಲ.

ಅದರ ಸಾರಾಂಶ ಮಾತ್ರ ನಮಗೆ ನೆನಪಿದೆ. ಮೇಜಿಗೆ ಊರಿದ ಶ್ರುತಿಕವೆಗೆ ಹೊಸ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಮೇಜಿನ ವಿಶಾಲವಾದ ಹಲಗೆಯು ಹೆಚ್ಚು ಗಾಳಿಯನ್ನು ನಡುಗಿಸುವುದರಿಂದ ನಾದವು ಜೋರಾಗುತ್ತದೆ. ಜೋರಾದಷ್ಟೂ ಬೇಗನೆ ಅಡಗುತ್ತದೆ. ಯಾವ ಶಬ್ದವೂ ಪುಕ್ಕಟೆಯಾಗಿ ಹುಟ್ಟುವುದಿಲ್ಲ. ಎಲ್ಲಿಯೋ ಯಾವುದೋ ಕೋಶವು ಅದಕ್ಕಾಗಿ ಸವೆಯುತ್ತಲೇ ಇರುತ್ತದೆ. ಮನೆಯ ಹಿರಿಯರ ಮುಂದೆ ಮೈಕ್ರೊಫೋನನ್ನು ಹಿಡಿಯುವ ಮೊದಲು ವಾಚಕರು ಒಮ್ಮೆ ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಕೇಳಿಕೊಳ್ಳಲಿ: ಇದಕ್ಕೆ ಶಕ್ತಿ ಎಲ್ಲಿಂದ?